ಮಂಪರಿನಲ್ಲಿರುವ ಹಿರಿಯರ ಉಸಿರನ್ನು ಕಾಯುವವರು ಯಾರು?

ಪ್ರತಿ ವರ್ಷ ಫೆಬ್ರವರಿ 3ರಂದು, ಸಂತ ಬ್ಲೇಸರ ಸ್ಮರಣೆಯ ದಿನ, ನಮ್ಮ ದೇವಾಲಯಗಳಲ್ಲಿ ಗಂಟಲಿನ ಆಶೀರ್ವಾದ ನಡೆಯುವುದು ವಾಡಿಕೆ. ಎರಡು ಮೇಣದ ಬತ್ತಿಗಳನ್ನು ಶಿಲುಬೆಯಂತೆ ಜೋಡಿಸಿ, ಭಕ್ತರ ಕೊರಳಿಗೆ ತಾಗಿಸಿ ಪ್ರಾರ್ಥಿಸುವ ಈ ವಿಧಿಗೆ ವೃದ್ಧರು ಕೋಲೂರಿಕೊಂಡಾದರೂ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ನಾಲ್ಕನೆಯ ಶತಮಾನದಲ್ಲಿ ರಕ್ತಸಾಕ್ಷಿಯಾದ ಬ್ಲೇಸರು ಅರ್ಮೇನಿಯಾದ ಸೆಬಾಸ್ತೆಯ ಬಿಷಪರಾಗಿದ್ದರು; ಪರಂಪರೆಯ ಪ್ರಕಾರ ವೈದ್ಯರೂ ಆಗಿದ್ದರು. ಗಂಟಲಲ್ಲಿ ಮೀನಿನ ಮುಳ್ಳು ಸಿಲುಕಿ ಉಸಿರುಗಟ್ಟುತ್ತಿದ್ದ ಬಾಲಕನೊಬ್ಬನನ್ನು ಅವರು ಬದುಕಿಸಿದರೆಂಬ ಐತಿಹ್ಯವನ್ನು, ಮೀನಿಲ್ಲದೆ ಊಟ ಸೇರದ ಕರಾವಳಿಯ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅನ್ನಕ್ಕೂ ಉಸಿರಿಗೂ ದೇವರು ಒಂದೇ ಬಾಗಿಲನ್ನಿಟ್ಟಿದ್ದಾನೆ. ಅಲ್ಲಿ ಯಾವುದು ಯಾವ ಕಡೆಗೆ ಹೋಗಬೇಕೆಂಬುದನ್ನು ಎಚ್ಚರದಲ್ಲಿರುವ ದೇಹ ತಾನಾಗಿಯೇ ನೋಡಿಕೊಳ್ಳುತ್ತದೆ. ಆ ಎಚ್ಚರವನ್ನು ನಾವೇ ಮದ್ದು ಕೊಟ್ಟು ತಗ್ಗಿಸಿದಾಗ ಕಾವಲಿನ ಹೊಣೆಯನ್ನು ಯಾರು ವಹಿಸಿಕೊಳ್ಳಬೇಕು? ಈ ವಾರ ನಾನು ಎತ್ತಿಕೊಂಡಿರುವ ಪ್ರಶ್ನೆ ಇದು.

ಎಂಡೋಸ್ಕೋಪಿ ಎಂಬ ಹೆಸರು ಇಂದು ನಮ್ಮ ಮನೆಗಳಲ್ಲಿ ಎಕ್ಸ್‌ರೇ ಎಂಬಷ್ಟೇ ಬಳಕೆಗೆ ಬಂದಿದೆ. ಊಟ ಸರಿಯಾಗಿ ಇಳಿಯುವುದಿಲ್ಲ, ಎದೆಯುರಿ ನಿಲ್ಲುವುದಿಲ್ಲ, ಮಲ ಕಪ್ಪಾಗಿದೆ, ಕಾರಣ ತಿಳಿಯದೆ ರಕ್ತ ಕಡಿಮೆಯಾಗಿದೆ ಎಂದು ಎಪ್ಪತ್ತು ಎಂಬತ್ತು ವರ್ಷದ ಹಿರಿಯರನ್ನು ಮಕ್ಕಳು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಬಾಯಿಯ ಮೂಲಕ ಕ್ಯಾಮೆರಾವುಳ್ಳ ಸಪೂರ ಕೊಳವೆಯನ್ನು ಇಳಿಸಿ ಅನ್ನನಾಳ, ಜಠರಗಳನ್ನು ವೈದ್ಯರು ಕಣ್ಣಾರೆ ನೋಡುತ್ತಾರೆ. ಬಹಳ ಉಪಕಾರಿಯಾದ ಪರೀಕ್ಷೆಯಿದು. ಹೊಟ್ಟೆಯ ಹುಣ್ಣನ್ನಾಗಲೀ ಕ್ಯಾನ್ಸರನ್ನಾಗಲೀ ಕಾಲ ಮೀರುವ ಮೊದಲೇ ಗುರುತಿಸಿ ಎಷ್ಟೋ ಜನರ ಆಯುಷ್ಯವನ್ನು ಇದು ಉಳಿಸಿದೆ. ಈ ಲೇಖನವನ್ನು ಓದಿ ಯಾರೂ 'ಫಾದರ್ ಬೇಡವೆಂದರು' ಎಂದು ಪರೀಕ್ಷೆಯನ್ನು ಮುಂದೂಡಬಾರದೆಂದು ಆರಂಭದಲ್ಲಿಯೇ ವಿನಂತಿಸುತ್ತೇನೆ. ಹೆಚ್ಚಿನವರು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುತ್ತಾರೆ. ನನ್ನ ಮಾತು ಪರೀಕ್ಷೆಯ ಬಗೆಗಲ್ಲ. ಅದಕ್ಕೆಂದು ಕೊಡುವ ಮಂಪರಿನ ಬಗೆಗೆ, ಅದರಲ್ಲಿಯೂ ವೃದ್ಧರಿಗೆ ಕೊಡುವ ಮಂಪರಿನ ಬಗೆಗೆ.

ಜರ್ಮನಿಯ ವೈದ್ಯ ಕುಸ್‌ಮೌಲ್ 1868ರಲ್ಲಿ ಮೊದಲ ಬಾರಿಗೆ ಜೀವಂತ ಮನುಷ್ಯನ ಜಠರದೊಳಗೆ ಇಣುಕಿ ನೋಡಲು ಆರಿಸಿಕೊಂಡದ್ದು ಕತ್ತಿ ನುಂಗುವ ಪ್ರದರ್ಶನಕಾರನೊಬ್ಬನನ್ನು. ಏಕೆಂದರೆ ಅಂದಿನದು ನೆಟ್ಟಗಿನ ಗಟ್ಟಿ ಕೊಳವೆ. ಬಾಗುವ ಕೊಳವೆಯನ್ನು ರೂಪಿಸಿದ ಬೇಸಿಲ್ ಹಿರ್ಶೋವಿಟ್ಸ್ ಎಂಬ ವೈದ್ಯರು 1957ರಲ್ಲಿ ಅದನ್ನು ಮೊದಲು ತಮ್ಮ ಗಂಟಲಿನಲ್ಲಿಯೇ ಇಳಿಸಿಕೊಂಡು ಪರೀಕ್ಷಿಸಿದರು. ಅಂದಿನ ಕೊಳವೆಗಿಂತ ಇಂದಿನದು ಎಷ್ಟೋ ಸಪೂರ, ಎಷ್ಟೋ ಮೃದು. ಆದರೂ ಮಂಪರಿಲ್ಲದೆ ಆಗದೆಂಬ ಭಾವನೆ ನಮ್ಮಲ್ಲಿ ಬಲವಾಗುತ್ತಿದೆ. ಎ.ಸಿ. ರೂಮು ಬೇಕೇ, ಸಾಮಾನ್ಯ ವಾರ್ಡು ಸಾಕೇ ಎಂದು ಕೇಳಿದ ಹಾಗೆ 'ಸೆಡೇಷನ್ ಬೇಕೇ' ಎಂದು ಕೇಳಲಾಗುತ್ತದೆ. ಅಪ್ಪನಿಗೆ ನೋವಾಗಬಾರದೆಂಬ ಪ್ರೀತಿಯಿಂದ ಮಕ್ಕಳು ಬೇಕೆನ್ನುತ್ತಾರೆ. ಪ್ರೀತಿಯಲ್ಲಿ ದೋಷವಿಲ್ಲ. ಆದರೆ ಏನನ್ನು ಬೇಡುತ್ತಿದ್ದೇವೆಂಬುದು ತಿಳಿದಿರಬೇಕಲ್ಲವೇ?

ಮಂಪರು ಸಾಮಾನ್ಯ ನಿದ್ರೆಯಲ್ಲ. ನಿದ್ರೆಯಲ್ಲಿ ಎಂಜಲು ಗಂಟಲಿಗಿಳಿದರೆ ನಾವು ನುಂಗುತ್ತೇವೆ, ಕೆಮ್ಮುತ್ತೇವೆ, ಮಗ್ಗುಲು ಬದಲಿಸುತ್ತೇವೆ. ಮಿಡಜೋಲಾಮ್, ಪ್ರೊಪೊಫಾಲ್ ಮೊದಲಾದ ಮದ್ದುಗಳು ಆ ಪ್ರತಿಕ್ರಿಯೆಗಳನ್ನೇ ಮಂದಗೊಳಿಸುತ್ತವೆ. ದವಡೆ ಸಡಿಲವಾಗಿ ನಾಲಗೆ ಹಿಂದಕ್ಕೆ ಜಾರುತ್ತದೆ. ಉಸಿರಿನ ದಾರಿ ಕಿರಿದಾಗುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ. ಜಠರದಲ್ಲಿ ಉಳಿದದ್ದೇನಾದರೂ ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ತಾರುಣ್ಯದಲ್ಲಿ ಇದನ್ನೆಲ್ಲ ತಡೆದುಕೊಳ್ಳುವ ಶಕ್ತಿ ದೇಹಕ್ಕಿರುತ್ತದೆ. ವೃದ್ಧಾಪ್ಯದಲ್ಲಿ ಕೆಮ್ಮುವ ಬಲ ಕುಗ್ಗಿರುತ್ತದೆ, ಶ್ವಾಸಕೋಶದಲ್ಲಿ ಸಂಚಿತವಾದ ಬಂಡವಾಳ ಕಡಿಮೆ, ಮಿದುಳು ಸ್ವಲ್ಪ ಮದ್ದಿಗೇ ಹೆಚ್ಚು ಮಂಕಾಗುತ್ತದೆ. ರಕ್ತಸಂಚಾರ ನಿಧಾನವಾದುದರಿಂದ ಚುಚ್ಚಿದ ಮದ್ದು ತನ್ನ ಪ್ರಭಾವವನ್ನು ತೋರಲು ಹೆಚ್ಚು ಸಮಯ ಹಿಡಿಯುತ್ತದೆ. ಅವಸರದಲ್ಲಿರುವವರು 'ಇನ್ನೂ ಮಲಗಲಿಲ್ಲ' ಎಂದು ಎರಡನೆಯ ಬಾರಿ ಕೊಟ್ಟರೆ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಇದರೊಂದಿಗೆ ವೈದ್ಯರ ಕೊಳವೆಯೂ ಅದೇ ಬಾಗಿಲಲ್ಲಿರುತ್ತದೆ. ಉಸಿರಾಟವನ್ನು ನೋಡಿಕೊಳ್ಳುವವರೂ ಹೊಟ್ಟೆಯನ್ನು ಪರೀಕ್ಷಿಸುವವರೂ ಒಂದೇ ಬಾಯಿಯನ್ನು ಹಂಚಿಕೊಳ್ಳಬೇಕಾದ ಇಂತಹ ಪರಿಸ್ಥಿತಿ ವೈದ್ಯಕೀಯದಲ್ಲಿ ಅಪರೂಪ. ಕೋಣೆಯಲ್ಲಿ ಬೆಳಕು ಕಡಿಮೆ. ಎಲ್ಲರ ದೃಷ್ಟಿಯೂ ಸಹಜವಾಗಿ ಪರದೆಯ ಮೇಲಿನ ಚಿತ್ರದ ಕಡೆಗೆ.

ದೊಡ್ಡ ನಗರದಲ್ಲಿ, ಹಣವುಳ್ಳವರಿಗೆ ಹೀಗಾಗುವುದಿಲ್ಲವೆಂದು ತಿಳಿಯಬಾರದು. ಅಮೆರಿಕದ ಪ್ರಸಿದ್ಧ ಹಾಸ್ಯ ಕಲಾವಿದೆ ಜೋನ್ ರಿವರ್ಸ್ 2014ರ ಆಗಸ್ಟ್ 28ರಂದು ನ್ಯೂಯಾರ್ಕಿನ ಹೊರರೋಗಿ ಕೇಂದ್ರವೊಂದಕ್ಕೆ ಇಂತಹದೇ ಪರೀಕ್ಷೆಗೆ ಹೋದರು. ಸ್ವರದಲ್ಲಿ ವ್ಯತ್ಯಾಸ, ಹೊಟ್ಟೆಯ ಹುಳಿ ಮೇಲೆ ಬರುವುದು ಇವೇ ಕಾರಣ. ವಯಸ್ಸು 81. ಪ್ರೊಪೊಫಾಲ್ ಮಂಪರಿನಲ್ಲಿದ್ದಾಗ ಉಸಿರು ಕುಂದಿ ಹೃದಯ ನಿಂತಿತು. ಪುನಃ ಎಚ್ಚರವಾಗದೆ ಸೆಪ್ಟೆಂಬರ್ 4ರಂದು ತೀರಿಕೊಂಡರು. ಆಮ್ಲಜನಕದ ಕೊರತೆಯಿಂದ ಮಿದುಳಿಗಾದ ಹಾನಿಯೇ ಮರಣದ ಕಾರಣವೆಂದು ನಗರದ ವೈದ್ಯಕೀಯ ಪರೀಕ್ಷಕರು ನಿರ್ಣಯಿಸಿದರು. ಸರಕಾರದ ತನಿಖೆಯಲ್ಲಿ ಹೊರಬಂದ ಲೋಪಗಳನ್ನು ಗಮನಿಸಿ: ಮದ್ದು ಕೊಡುವ ಮೊದಲು ರೋಗಿಯ ತೂಕವನ್ನು ಬರೆದಿಟ್ಟಿರಲಿಲ್ಲ, ನಡೆಸಿದ ಎಲ್ಲ ಪ್ರಕ್ರಿಯೆಗಳಿಗೆ ಒಪ್ಪಿಗೆ ಪಡೆದಿರಲಿಲ್ಲ, ನಾಡಿ, ರಕ್ತದೊತ್ತಡ, ಆಮ್ಲಜನಕಗಳು ಇಳಿಯುತ್ತಿದ್ದುದನ್ನು ಸಕಾಲದಲ್ಲಿ ಗುರುತಿಸಿ ಕ್ರಮ ಕೈಗೊಳ್ಳಲಿಲ್ಲ. ಯಂತ್ರಗಳಿದ್ದವು, ತಜ್ಞರಿದ್ದರು. ನೋಡಬೇಕಾದುದನ್ನು ನೋಡಬೇಕಾದ ಹೊತ್ತಿನಲ್ಲಿ ನೋಡಲಿಲ್ಲ.

ಯಂತ್ರಗಳ ವಿಷಯ ಬಂದುದರಿಂದ ಎರಡು ಮಾತು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅದರ ಮೂಲತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ತಾಕುವೊ ಅಓಯಾಗಿ ಎಂಬ ಎಂಜಿನಿಯರರು. ಲೋಕವೆಲ್ಲ ಅವರ ಯಂತ್ರವನ್ನು ಹುಡುಕುತ್ತಿದ್ದ 2020ರಲ್ಲಿಯೇ ಅವರು ತೀರಿಕೊಂಡರು. ಈ ಯಂತ್ರ ರಕ್ತದಲ್ಲಿರುವ ಆಮ್ಲಜನಕವನ್ನು ತೋರಿಸುತ್ತದೆ, ಉಸಿರಾಟವನ್ನಲ್ಲ. ಮೂಗಿಗೆ ಆಮ್ಲಜನಕ ಕೊಡುತ್ತಿರುವಾಗ ಉಸಿರು ನಿಂತರೂ ಸ್ವಲ್ಪ ಹೊತ್ತು ಅಂಕೆ ತೊಂಬತ್ತೆಂಟರಲ್ಲಿಯೇ ಇರಬಹುದು. ಅದು ಇಳಿಯತೊಡಗಿದಾಗ, ವೃದ್ಧರ ವಿಷಯದಲ್ಲಿ, ಉಳಿದಿರುವ ಅವಧಿ ಅತ್ಯಲ್ಪ; ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷಗಳಲ್ಲಿ ಮಿದುಳು ಕೆಡಲಾರಂಭಿಸುತ್ತದೆ. ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಎಂಬ ಇನ್ನೊಂದು ಯಂತ್ರವಿದೆ. ಒಂದೊಂದು ಉಸಿರಿಗೂ ಒಂದೊಂದು ಅಲೆಯನ್ನು ಅದು ಬರೆಯುತ್ತದೆ; ಉಸಿರು ನಿಂತ ಕೂಡಲೇ ಅಲೆ ನಿಲ್ಲುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘವು ಮಧ್ಯಮ ಹಾಗೂ ಆಳವಾದ ಮಂಪರಿಗೂ ಇದನ್ನು 2011ರಿಂದಲೇ ತನ್ನ ಮಾನದಂಡದಲ್ಲಿ ಸೇರಿಸಿದೆ. ನಮ್ಮ ಆಸ್ಪತ್ರೆಗಳ ಶಸ್ತ್ರಕ್ರಿಯಾ ಕೊಠಡಿಯಲ್ಲಿರುವ ಯಂತ್ರವು ಎಂಡೋಸ್ಕೋಪಿಯ ಕೊಠಡಿಯಲ್ಲಿಯೂ ಇದೆಯೇ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಆದರೆ ಅಲೆ ನಿಂತುದನ್ನು ನೋಡಲು ಕಣ್ಣು ಬೇಕು. ನನ್ನ ಅಭಿಪ್ರಾಯದ ತಿರುಳು ಇಲ್ಲಿದೆ. ವೃದ್ಧರೊಬ್ಬರಿಗೆ ಮಂಪರು ಕೊಡುವುದಾದರೆ, ಅವರ ಉಸಿರನ್ನು ನೋಡುವುದೊಂದನ್ನೇ ಕೆಲಸವಾಗಿ ಹೊಂದಿರುವ, ತರಬೇತಿ ಪಡೆದ ಒಬ್ಬ ವ್ಯಕ್ತಿ ಆ ಕೋಣೆಯಲ್ಲಿರಲೇಬೇಕು. ಕೊಳವೆಯನ್ನು ಹಿಡಿದ ವೈದ್ಯರೇ ಅದನ್ನೂ ನೋಡುತ್ತಾರೆಂಬುದು, ತುಂಡು ತೆಗೆಯುವ ಉಪಕರಣವನ್ನು ಎತ್ತಿ ಕೊಡುತ್ತಿರುವ ನರ್ಸು ನಡುನಡುವೆ ನೋಡಿಕೊಳ್ಳುತ್ತಾರೆಂಬುದು ಸಾಲದು. ಪ್ರೊಪೊಫಾಲ್ ಕೊಡುವುದಾದರೆ ಅರಿವಳಿಕೆ ತಜ್ಞರೇ ಇರುವುದು ಲೇಸು. ಮಿಡಜೋಲಾಮಿಗೆ ಪ್ರತಿಮದ್ದಿದೆ, ಆದರೆ ಅದರ ಪ್ರಭಾವ ಬೇಗ ಇಳಿದು ರೋಗಿ ಪುನಃ ಮಂಪರಿಗೆ ಜಾರಬಹುದು. ಪ್ರೊಪೊಫಾಲಿಗೆ ಪ್ರತಿಮದ್ದೇ ಇಲ್ಲ. ಅದು ಇಳಿಯುವ ತನಕ ಉಸಿರನ್ನು ನಡೆಸಿಕೊಡಬೇಕು. ಜಾರಿದ ನಾಲಗೆಗೆ ಮೊದಲ ಚಿಕಿತ್ಸೆಯೆಂದರೆ ಕೆಳದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವ ಎರಡು ಕೈಗಳು. ಆ ಕೈಗಳು ಬೇರೆ ಕೆಲಸದಲ್ಲಿ ತೊಡಗಿರಬಾರದು.

ಸಂತ ತೋಮಸ್ ಅಕ್ವೀನರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಅದರ ಅಂಗಗಳಲ್ಲಿ ಮುಂದಾಲೋಚನೆ, ಪರಿಸ್ಥಿತಿಯ ಪರಿವೀಕ್ಷಣೆ, ಎಚ್ಚರಿಕೆ ಇವನ್ನು ಬೇರೆಬೇರೆಯಾಗಿ ಎಣಿಸಿದ್ದಾರೆ. ಸೆಮಿನರಿಯಲ್ಲಿ ಓದುವಾಗ ಈ ವಿಂಗಡಣೆ ಕೇವಲ ಪಾಂಡಿತ್ಯವೆಂದು ತೋರುವುದುಂಟು. ಆದರೆ ಯೋಚಿಸಿ ನೋಡಿ: ಮುಂದಾಲೋಚನೆಯುಳ್ಳ ವೈದ್ಯರು ಒಳ್ಳೆಯ ಯೋಜನೆಯನ್ನು ಹಾಕಿರಬಹುದು, ಈ ರೋಗಿಯ ದಪ್ಪ ಕುತ್ತಿಗೆ, ಈ ಅಜ್ಜಿಯ ಬಾಗಿದ ಬೆನ್ನು, ಈ ದಿನ ಇಪ್ಪತ್ತೈದನೆಯ ಸರದಿ ಎಂಬ ಆಯಾಸ, ಇವನ್ನು ಗಮನಿಸುವುದು ಬೇರೆಯೇ ಗುಣ. ಅಲಕ್ಷ್ಯವನ್ನು ಅಕ್ವೀನರು ವಿವೇಕಕ್ಕೆ ವಿರುದ್ಧವಾದ ಪಾಪವೆಂದೇ ಪರಿಗಣಿಸುತ್ತಾರೆ. ಅದಕ್ಕೆ ದ್ವೇಷ ಬೇಕಾಗಿಲ್ಲ, ದುರುದ್ದೇಶ ಬೇಕಾಗಿಲ್ಲ. ಸಲ್ಲಬೇಕಾದ ಕಾಳಜಿ ಸಲ್ಲದಿದ್ದರೆ ಸಾಕು.

ಹಾಗೆಂದು ವೈದ್ಯರ ಮೇಲೆ ಮುಗಿಬೀಳುವವರ ಸಾಲಿಗೆ ನಾನು ಸೇರಲಾರೆ. ಬ್ರಿಟನ್ನಿನಲ್ಲಿ ಎಂಡೋಸ್ಕೋಪಿಯ ಮೂಲಕ ಚಿಕಿತ್ಸೆ ಪಡೆದು 30 ದಿನಗಳೊಳಗೆ ಮೃತರಾದವರ ಕುರಿತು 2004ರಲ್ಲಿ ಹೊರಬಂದ ರಾಷ್ಟ್ರೀಯ ವರದಿಯೊಂದು, ಕೆಲವರಿಗೆ ಮಂಪರಿನ ಮದ್ದು ಮಿತಿಮೀರಿತ್ತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಅಲ್ಲಿನವರು ಬೈದು ಸುಮ್ಮನಾಗಲಿಲ್ಲ. ಮಿಡಜೋಲಾಮಿನ ಹೆಚ್ಚು ಸಾಂದ್ರತೆಯ ಸೀಸೆಗಳನ್ನು ಮಂಪರು ಕೊಡುವ ಕೋಣೆಗಳಿಂದ ಆದಷ್ಟು ದೂರವಿಡಬೇಕೆಂದು 2008ರಲ್ಲಿ ಸೂಚನೆ ಹೊರಡಿಸಿದರು. ಕಪಾಟಿನಲ್ಲಿ ಯಾವ ಸೀಸೆಯಿರಬೇಕೆಂಬ ಇಷ್ಟು ಸಣ್ಣ ವಿಷಯವೂ ಜೀವವನ್ನು ಕಾಯುತ್ತದೆ.

ನಮ್ಮ ಹಿರಿಯರಲ್ಲಿ ಕೆಲವರು, ವಿಶೇಷವಾಗಿ ತಾಯಂದಿರು, 'ಮದ್ದೇನೂ ಬೇಡ, ಈ ನೋವನ್ನು ದೇವರಿಗೆ ಒಪ್ಪಿಸುತ್ತೇನೆ' ಎನ್ನುವುದುಂಟು. ಅವರ ಭಕ್ತಿ ದೊಡ್ಡದು. ಆದರೆ ನೋವನ್ನು ಅನುಭವಿಸಲೇಬೇಕೆಂಬ ಕಟ್ಟಳೆಯನ್ನು ಧರ್ಮಸಭೆ ವಿಧಿಸಿಲ್ಲ. ಅರಿವಳಿಕೆ ತಜ್ಞರು ಮುಂದಿಟ್ಟ ಪ್ರಶ್ನೆಗಳಿಗೆ ಜಗದ್ಗುರು ಹನ್ನೆರಡನೆಯ ಪಿಯುಸರು 1957ರ ಫೆಬ್ರವರಿ 24ರಂದು ಉತ್ತರಿಸುತ್ತಾ, ನೋವನ್ನು ನಿವಾರಿಸಲು ಮದ್ದನ್ನು ಬಳಸುವುದು, ಅದರಿಂದ ಪ್ರಜ್ಞೆ ತಗ್ಗುವುದು, ತಕ್ಕ ಕಾರಣವಿದ್ದಲ್ಲಿ ಸುವಾರ್ತೆಗೆ ವಿರುದ್ಧವಲ್ಲವೆಂದು ಸ್ಪಷ್ಟಪಡಿಸಿದರು. ಅದೇ ವರ್ಷ ನವೆಂಬರ್ 24ರಂದು ಅದೇ ವೃತ್ತಿಯವರನ್ನುದ್ದೇಶಿಸಿ ಮಾತಾಡಿದಾಗ ಇನ್ನೊಂದು ವಿಷಯವನ್ನು ಹೇಳಿದರು: ರೋಗಿಯ ಮೇಲೆ ವೈದ್ಯನಿಗೆ ಸ್ವತಂತ್ರವಾದ ಹಕ್ಕೇನೂ ಇಲ್ಲ, ರೋಗಿ ಕೊಟ್ಟ ಅನುಮತಿಯೇ ಅವನ ಅಧಿಕಾರದ ಮೂಲ. ಕುಟುಂಬದವರ ಅಧಿಕಾರವೂ ರೋಗಿಯ ಇಚ್ಛೆಯನ್ನೇ ಅವಲಂಬಿಸಿದೆ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಸಮೀರಾ ಕೊಹ್ಲಿ ಪ್ರಕರಣದ 2008ರ ತೀರ್ಪಿನಲ್ಲಿ, ವಿಷಯವನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ, ಪರೀಕ್ಷೆಗೆ ಕೊಟ್ಟ ಸಮ್ಮತಿ ಚಿಕಿತ್ಸೆಗೆ ಸಲ್ಲದು ಎಂದು ಹೇಳಿದೆ.

ಹೀಗಿರುವಾಗ ದುಬೈಯಲ್ಲಿಯೋ ಮಸ್ಕತ್ತಿನಲ್ಲಿಯೋ ಇರುವ ಮಗ ಫೋನಿನಲ್ಲಿ 'ಮಂಪರು ಕೊಡಿಸಿಬಿಡಿ' ಎನ್ನುವುದು, ಮನೆಯಲ್ಲಿರುವ ಸೊಸೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು, ಬುದ್ಧಿ ಚುರುಕಾಗಿಯೇ ಇರುವ ಅಪ್ಪ ಪಕ್ಕದ ಬೆಂಚಿನಲ್ಲಿ ಏನೂ ತಿಳಿಯದೆ ಕುಳಿತಿರುವುದು ನಾಲ್ಕನೆಯ ಕಟ್ಟಳೆಗೆ ಒಪ್ಪುವ ನಡತೆಯೇ? ತಂದೆ ತಾಯಿಯರನ್ನು ಗೌರವಿಸುವುದೆಂದರೆ ಅವರಿಗೆ ಎಲ್ಲವನ್ನೂ ಮರೆಮಾಚುವುದಲ್ಲ. ಅವರನ್ನೇ ಕೇಳಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹಾಕಿ, ಮಂಪರಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳಲು ಸಾಧ್ಯವಿದೆ. ಸಾಮಾನ್ಯ ಪರೀಕ್ಷೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಹಿತವೆಂದು ಯಾರೂ ಹೇಳಲಾರರು. ಆದರೆ ವಯಸ್ಸಾದಂತೆ ಓಕರಿಕೆಯ ಪ್ರತಿಕ್ರಿಯೆ ಮಂದವಾಗುವುದರಿಂದ ತರುಣರಿಗಿಂತ ವೃದ್ಧರೇ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತಾರೆ. ಕೆಲವೆಡೆ ಮೂಗಿನ ಮೂಲಕ ಇಳಿಸುವ ಇನ್ನೂ ಸಪೂರವಾದ ಕೊಳವೆಯೂ ಉಂಟು. ಪಿತ್ತನಾಳದ ಕಲ್ಲು ತೆಗೆಯುವಂತಹ ದೀರ್ಘ ಪ್ರಕ್ರಿಯೆಗೆ ಮಾತ್ರ ಈ ಮಾತು ಅನ್ವಯಿಸದು. ಅದಕ್ಕೆ ಮಂಪರು ಬೇಕೇ ಬೇಕು, ಕಾವಲೂ ಅಷ್ಟೇ ಬಿಗಿಯಾಗಿರಬೇಕು.

ಕುಟುಂಬದವರು ಸತ್ಯವನ್ನೂ ಹೇಳಬೇಕು. ಅಪ್ಪ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ನಡುವೆ ಉಸಿರು ನಿಂತು ಥಟ್ಟನೆ ಎಚ್ಚರವಾಗುತ್ತಾರೆಯೇ ಎಂಬುದು ಅಮ್ಮನಿಗೆ ತಿಳಿದಷ್ಟು ಯಾವ ವೈದ್ಯರಿಗೂ ತಿಳಿಯದು. ಮಂಪರಿನಲ್ಲಿ ಉಸಿರಿನ ದಾರಿ ಮುಚ್ಚುವ ಸಂಭವ ಇಂತಹವರಲ್ಲಿ ಹೆಚ್ಚು. ನಾಚಿಕೆಯಿಂದ ಹೇಳದೆ ಬಿಡುವ ಸಂಗತಿಗಳು ಇನ್ನೆರಡಿವೆ: ರಾತ್ರಿಯ ನಿದ್ರೆ ಮಾತ್ರೆ ಮತ್ತು ಸಂಜೆಯ ಮದ್ಯ. ನಮ್ಮ ಸಮುದಾಯದಲ್ಲಿ ಎರಡನೆಯದನ್ನು ವಿವರಿಸುವ ಅಗತ್ಯವಿಲ್ಲ. ಸಕ್ಕರೆ ಕಾಯಿಲೆಗೆ ಇಂದು ಕೊಡುವ ಸೆಮಾಗ್ಲುಟೈಡ್ ಮುಂತಾದ ಮದ್ದುಗಳು ಹೊಟ್ಟೆ ಬರಿದಾಗುವುದನ್ನು ನಿಧಾನಗೊಳಿಸುತ್ತವೆಯಾದುದರಿಂದ ಅವುಗಳ ಹೆಸರನ್ನೂ ತಪ್ಪದೆ ತಿಳಿಸಬೇಕು. ಕಟ್ಟಿಸಿದ ಹಲ್ಲನ್ನು ತೆಗೆಯಿಸಬೇಕು. ಒಂದೆರಡು ಹಲ್ಲುಗಳ ಸಣ್ಣ ಸೆಟ್ಟು ಕಳಚಿ ಉಸಿರಿನ ದಾರಿಯಲ್ಲಿ ಸಿಲುಕಿದರೆ ಬ್ಲೇಸರ ಕಾಲದ ಮೀನಿನ ಮುಳ್ಳಿಗಿಂತಲೂ ಕಷ್ಟ. ಅಜ್ಜಿಗೆ ಅವಮಾನವಾಗದಂತೆ ಒಂದು ಕರವಸ್ತ್ರವನ್ನು ಕೈಗೆ ಕೊಟ್ಟರೆ ಸಾಕು.

ಉಪವಾಸದ ವಿಷಯದಲ್ಲಿ ನಮ್ಮ ಜನರಿಗೆ ಪಾಠ ಬೇಡವೆಂದುಕೊಂಡಿದ್ದೆ. ಪರಮಪ್ರಸಾದಕ್ಕಾಗಿ ನಡುರಾತ್ರಿಯಿಂದ ನೀರನ್ನೂ ಮುಟ್ಟದಿದ್ದ ಕಾಲವನ್ನು ಎಂಬತ್ತು ದಾಟಿದವರು ನೆನಪಿಟ್ಟಿದ್ದಾರೆ. ಅದನ್ನು ಸಡಿಲಿಸಿದವರೂ ಇದೇ ಹನ್ನೆರಡನೆಯ ಪಿಯುಸರು. ಆದರೆ ಪರೀಕ್ಷೆಯ ದಿನ 'ಒಂದು ಗುಟುಕು ಕಾಫಿ ತಾನೇ' ಎಂದು ಕೊಡುವವರಿದ್ದಾರೆ. ಹಾಲು ಬೆರೆತ ಕಾಫಿ ಹೊಟ್ಟೆಯ ಲೆಕ್ಕದಲ್ಲಿ ನೀರಲ್ಲ, ಊಟ. ಘನ ಆಹಾರಕ್ಕೂ ಹಾಲಿಗೂ ಕನಿಷ್ಠ ಆರು ಗಂಟೆ, ಬರಿಯ ನೀರಿಗೆ ಎರಡು ಗಂಟೆ ಎಂಬುದು ಸಾಮಾನ್ಯ ನಿಯಮ. ನಿಮ್ಮ ವೈದ್ಯರು ಬೇರೆ ಹೇಳಿದರೆ ಅದೇ ಅಂತಿಮ. ಇದರ ಇನ್ನೊಂದು ಮುಖವೂ ಇದೆ. ನಿನ್ನೆ ರಾತ್ರಿಯಿಂದ ಹಸಿದು ಬಂದ ವೃದ್ಧರನ್ನು ಮಧ್ಯಾಹ್ನ ಒಂದು ಗಂಟೆಯ ತನಕ ಬಾಯಾರಿಸಿ ಕೂರಿಸುವುದು ನ್ಯಾಯವಲ್ಲ. ಬೆಳಗಿನ ಮೊದಲ ಸರದಿಯನ್ನು ವಯಸ್ಸಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಕೊಡಲು ಖರ್ಚೇನೂ ಇಲ್ಲ. ಪರಿಚಯಸ್ಥರ ಶಿಫಾರಸನ್ನು ಬದಿಗಿಟ್ಟರೆ ಸಾಕು.

ಖರ್ಚಿನ ಮಾತನ್ನು ತಳ್ಳಿಹಾಕುವಂತಿಲ್ಲ. ಅರಿವಳಿಕೆ ತಜ್ಞರನ್ನು ಎಂಡೋಸ್ಕೋಪಿಗೆ ಪ್ರತ್ಯೇಕವಾಗಿ ನಿಯಮಿಸಲು ಸಣ್ಣ ಆಸ್ಪತ್ರೆಗಳಿಗೆ ಕಷ್ಟವಿದೆ. ಹಾಗಾದರೆ ಅಲ್ಲಿ ಆಳವಾದ ಮಂಪರನ್ನು ಕೊಡದಿರುವುದೇ ಪ್ರಾಮಾಣಿಕ ಮಾರ್ಗ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಔಷಧಾಲಯವನ್ನು ತೆರೆದಾಗ ಅವರ ಬಳಿ ಇದ್ದದ್ದು ಹೋಮಿಯೋಪಥಿಯ ಔಷಧಿಗಳು ಮತ್ತು ರೋಗಿಯ ಬಗೆಗಿನ ಗಮನ. ಅಂತಹವರ ಹಾದಿಯಲ್ಲಿ ಬೆಳೆದ ಕಥೊಲಿಕ ಆಸ್ಪತ್ರೆಗಳು ನಮ್ಮ ನಾಡಿನಲ್ಲಿ ಸಾಕಷ್ಟಿವೆ. ಹೊಸ ಬ್ಲಾಕಿನ ಉದ್ಘಾಟನೆಗೆ ನಮ್ಮನ್ನು ಕರೆಯುವಷ್ಟೇ ಉತ್ಸಾಹದಿಂದ, ಪ್ರತಿ ಮಂಪರಿನ ಹಾಸಿಗೆಗೂ ಒಬ್ಬ ಕಾವಲಿನ ನರ್ಸು ಮತ್ತು ಒಂದು ಕ್ಯಾಪ್ನೋಗ್ರಾಫ್ ಇದೆಯೆಂದು ಅವು ಪ್ರಕಟಿಸಲಿ. ಧರ್ಮಕೇಂದ್ರಗಳ ದಾನಿಗಳೂ ಘಂಟಾಗೋಪುರದ ಬಣ್ಣಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ಇದಕ್ಕೆ ಕೊಡಬಹುದು.

ಪರೀಕ್ಷೆ ಮುಗಿದ ಮೇಲೆ ಅಪಾಯವೂ ಮುಗಿಯಿತೆಂದು ಭಾವಿಸುವುದೇ ಹೆಚ್ಚು. ಕೊಳವೆಯ ಕಸಿವಿಸಿ ಇದ್ದಷ್ಟು ಹೊತ್ತು ದೇಹ ಮಂಪರಿನೊಂದಿಗೆ ಹೋರಾಡುತ್ತಿರುತ್ತದೆ. ಅದನ್ನು ಹೊರತೆಗೆದ ಮೇಲೆ ಎಬ್ಬಿಸುವ ಕಾರಣವೇ ಇಲ್ಲದೆ ಮಂಪರು ಇನ್ನಷ್ಟು ಆಳವಾಗಬಹುದು. ಸರಿಯಾಗಿ ಇದೇ ಹೊತ್ತಿಗೆ ಮಂಚವನ್ನು ಕಾರಿಡಾರಿಗೆ ತಳ್ಳಿ, ಬೆರಳಿನ ಯಂತ್ರವನ್ನು ಬಿಚ್ಚಿ, ಮುಂದಿನವರನ್ನು ಒಳಗೆ ಕರೆಯುತ್ತಾರೆ. ಚೇತರಿಕೆಯ ಕೊಠಡಿಯಲ್ಲಿಯೂ ಯಂತ್ರವಿರಲಿ, ನೋಡುವವರಿರಲಿ ಎಂದು ಕೇಳಿರಿ. ಜೊತೆಗೆ ಹೋದವರು ವರದಿಯನ್ನು ವಾಟ್ಸಾಪಿನಲ್ಲಿ ಮಕ್ಕಳಿಗೆ ಕಳುಹಿಸುವ ಅವಸರವನ್ನು ಸ್ವಲ್ಪ ತಡೆದು, ಮಂಚದ ಪಕ್ಕದಲ್ಲಿಯೇ ಕುಳಿತು, ಎಡಮಗ್ಗುಲಾಗಿ ಮಲಗಿರುವ ಹಿರಿಯರ ಎದೆ ಏರಿಳಿಯುವುದನ್ನು ನೋಡುತ್ತಿರಲಿ. ಗೊರಕೆಯ ಸದ್ದು ಬಂದರೆ ಒಳ್ಳೆಯ ನಿದ್ರೆಯೆಂದು ಸಂತೋಷಪಡದೆ ನರ್ಸನ್ನು ಕರೆಯಲಿ. ಗಂಟಲಿನ ಮರಗಟ್ಟು ಇಳಿಯುವ ತನಕ ಚಹಾ, ಬಿಸ್ಕತ್ತು ಬೇಡ. ಹೆಸರು ಕೂಗಿದರೆ ತಾವಾಗಿ ಉತ್ತರಿಸಿ, ಎದ್ದು ಕುಳಿತು, ಒಂದು ಚಮಚ ನೀರನ್ನು ಕೆಮ್ಮದೆ ನುಂಗಿದ ಮೇಲೆ ಗಂಜಿಯ ಮಾತನ್ನು ಎತ್ತಬಹುದು.